ಅವ್ವನ ಹಾಡು ಅಳಿಸಿದ ಮೇಷ್ಟ್ರು

ತಪ್ಪು ಕಂಡರೆ ತಿದ್ದದೆ ಇರಲಾಗದ ಕಾಯಿಲೆ ನನಗೆ ಮೊದಲಿನಿಂದಲೂ ಇದೆ. ಹರಿಹರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿ ಮೂವತ್ತು ವರ್ಷ ಕೆಂಪು ಪೆನ್ನು ಹಿಡಿದ ಕೈ ಇದು. ಮದುವೆಯ ಕರೆಯೋಲೆ ಬಂದರೆ ಮುಹೂರ್ತಕ್ಕಿಂತ ಮೊದಲು ಒತ್ತಕ್ಷರ ನೋಡುತ್ತೇನೆ. ಒಮ್ಮೆ ದಾವಣಗೆರೆಯ ಹೋಟೆಲೊಂದರ ಬೋರ್ಡಿನಲ್ಲಿ ‘ಬೆಣೆ ದೋಸೆ’ ಎಂದಿದ್ದುದನ್ನು ಮಾಲೀಕನಿಗೆ ತೋರಿಸಿದೆ. ‘ಬೆಣ್ಣಿ ದೋಸ್ಯಾಗ ಐತಲ್ರಿ ಸರ, ಬೋರ್ಡಿಗ್ಯಾಕ?’ ಎಂದು ಆತ ಕೇಳಿದ. ಎರಡು ದೋಸೆ ತಿಂದು ಬಂದೆ.

ಈ ಕಾಯಿಲೆ ಕಂಪ್ಯೂಟರಿನ ತನಕ ಹೋದದ್ದು ನನ್ನ ಗ್ರಹಚಾರ. ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಅದಕ್ಕೂ ಸ್ವಲ್ಪ ಮೊದಲು, ಅವಳು ಹಾಡುತ್ತಿದ್ದ ಸೋಬಾನೆ ಪದಗಳನ್ನೆಲ್ಲ ಮೊಬೈಲಿನಲ್ಲಿ ಹಿಡಿದು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಎಸ್ಸೆಸ್ಡಿ ಎಂಬ ಡಬ್ಬಿಗೆ ತುಂಬಿಸಿಟ್ಟಿದ್ದೆ. ಆ ಮೊಬೈಲು ಕೆಟ್ಟು ಗುಜರಿಗೆ ಹೋಯಿತು. ಹಾಡು ಉಳಿದಿದ್ದು ಡಬ್ಬಿಯಲ್ಲಿ ಮಾತ್ರ. ದಾವಣಗೆರೆಯ ವಿನೋಬನಗರದಲ್ಲಿರುವ ಅಕ್ಕ ತನ್ನ ಮಗಳು ಸುಮಾಳ ಮದುವೆ ಗೊತ್ತಾದ ದಿನವೇ ಫೋನ್ ಮಾಡಿ, ‘ಅರಿಶಿಣದ ದಿನ ಅವ್ವನ ಪದ ಹಾಕ್ಬೇಕು ಕಣೋ. ಅವ್ವನ ಪದ ಇಲ್ದ ಮದ್ವಿ ನಮ್ಮ ಮನ್ಯಾಗ ಆಗೇ ಇಲ್ಲ’ ಎಂದಳು.

ಸರಿ, ಡಬ್ಬಿಯನ್ನು ಕಂಪ್ಯೂಟರಿಗೆ ಚುಚ್ಚಿದೆ. ಒಳಗೆ ಎರಡು ಫೋಲ್ಡರ್: ‘ಅವ್ವ’ ಮತ್ತು ‘ಅವ್ವ ಶುದ್ಧ’. ಮೊದಲನೆಯದರಲ್ಲಿ ಕೆಮ್ಮು, ಕುಕ್ಕರಿನ ಕೂಗು, ಅಡ್ಡಮಾತು ಸಮೇತ ಇದ್ದದ್ದೆಲ್ಲ ಇತ್ತು. ಎರಡನೆಯದರಲ್ಲಿ ನಾನು ಆರಿಸಿ, ಕತ್ತರಿಸಿ, ಒಪ್ಪ ಮಾಡಿದ ಹಾಡುಗಳು. ಈ ಕಸ ಇನ್ನೇಕೆ ಎಂದು ಮೊದಲನೆಯದನ್ನು ತೆಗೆಯಹೋದೆ. ‘ಶಾಶ್ವತವಾಗಿ ಅಳಿಸಬೇಕೆ?’ ಎಂದು ಕಂಪ್ಯೂಟರ್ ಕೇಳಿತು. ಎಷ್ಟು ಚೆಂದದ ಕನ್ನಡ ಎಂಬ ಖುಷಿಯಲ್ಲಿ ‘ಹೌದು’ ಒತ್ತಿದೆ. ಎರಡೂ ಫೋಲ್ಡರ್ ಒಟ್ಟಿಗೆ ಆಯ್ಕೆಯಾಗಿದ್ದವು, ಎರಡೂ ಹೋದವು. ‘ಅಳಿಸು’ ಎಂಬುದಕ್ಕೆ ಎರಡರ್ಥ ಇದೆಯೆಂದು ವರ್ಷವರ್ಷವೂ ಪಾಠ ಮಾಡಿದವನಿಗೆ ಎರಡನೆಯ ಅರ್ಥ ಅಂದು ಸರಿಯಾಗಿ ತಿಳಿಯಿತು.

ದಾವಣಗೆರೆಯ ಮಂಡಿಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ ನಯಾಜ್‌ಗೆ ಫೋನ್ ಮಾಡಿದೆ. ‘ಫಿಕರ್ ಮಾಡ್ಬ್ಯಾಡ್ರಿ ಸರ. ಮೊದ್ಲು ವೈರ್ ಕಿತ್ತಾಕ್ರಿ. ಅದರ ಮ್ಯಾಲೆ ಒಂದಕ್ಷರಾನೂ ಬರೀಬ್ಯಾಡ್ರಿ, ಬರದ್ರೆ ಕೆಟ್ಟಂಗೆ’ ಎಂದ. ಬರೆದಿದ್ದೆನಲ್ಲ! ಹೊಸ ವಸ್ತು ಎಂದು ತಂದ ದಿನವೇ ಅದರ ಬೆನ್ನಿಗೆ ಶ್ರೀಕಾರ ಬರೆದು ಕುಂಕುಮ ಇಟ್ಟಿದ್ದೆ. ಫೋನ್ ಇಟ್ಟವನೇ ಒದ್ದೆ ಬಟ್ಟೆ ತಂದು ಉಜ್ಜತೊಡಗಿದೆ.

‘ಶ್ರೀಕಾರ ಯಾರಾದ್ರೂ ಅಳಿಸ್ತಾರೇನ್ರಿ?’ ಎಂದು ಹೆಂಡತಿ ಗಿರಿಜಾ ಗಾಬರಿಯಾದಳು.

‘ಅಳಿಸಿದ್ರೇನೇ ಅವ್ವನ ಹಾಡು ವಾಪಸ್ ಬರೋದಂತೆ’ ಎಂದೆ.

ಬಸ್ಸು ಹಿಡಿದು ಮಂಡಿಪೇಟೆ ಮುಟ್ಟುವಷ್ಟರಲ್ಲಿ ಗಿರಿಜಾಳ ಫೋನಿನಿಂದ ಸುದ್ದಿ ತಿಳಿದ ಅಕ್ಕ ಅಂಗಡಿಯಲ್ಲಿ ಬಂದು ಕೂತಿದ್ದಳು. ನಯಾಜ್ ಡಬ್ಬಿ ಹಿಡಿದು, ‘ಇದ್ಯಾಕ ಒದ್ದಿ ಐತಿ ಸರ?’ ಎಂದ. ವಿವರಿಸಿದೆ. ಗುರುಗಳೆಂಬ ಮರ್ಯಾದೆಗೆ ಪಾಪ ಗೋಡೆಯ ಕಡೆ ತಿರುಗಿ ನಕ್ಕ. ಬರೆಯುವುದೆಂದರೆ ಹೊಸ ಫೈಲು ತುಂಬುವುದಂತೆ. ಆಮೇಲೆ ಡಬ್ಬಿಯನ್ನು ಒರೆಸಿ, ಫ್ಯಾನಿನ ಕೆಳಗೆ ಒಣಗಿಸುತ್ತ, ‘ಇದು ಹಳೇ ಡಿಸ್ಕಿನಂಗಲ್ರಿ. ಅಳಿಸಿದ್ದನ್ನ ಒಳಗೊಳಗೇ ತಾನೇ ಗುಡಿಸಿ ಹಾಕ್ತೈತಿ. ಎಷ್ಟು ಉಳದೈತೋ ಅಷ್ಟು’ ಎಂದ. ಅಕ್ಕ ಪರದೆಯನ್ನೇ ನೋಡುತ್ತಿದ್ದಳು. ನಾಲ್ಕು ಬೈದಿದ್ದರೆ ನನ್ನ ಸಂಕಟ ಎಷ್ಟೋ ಕಡಿಮೆಯಾಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಹೆಸರು ಕಳೆದುಕೊಂಡು ಬರೀ ನಂಬರಾದ ಫೈಲುಗಳು ಒಂದೊಂದೇ ಬಂದವು. ನಾನು ಒಪ್ಪ ಮಾಡಿದ್ದರಲ್ಲಿ ಒಂದೂ ಇರಲಿಲ್ಲ. ಬಂದದ್ದೆಲ್ಲ ಕಸ. ನಯಾಜ್ ಒಂದನ್ನು ಹಾಕಿದ. ಅವ್ವ ಬಳೆಯ ಪದ ಹಾಡುತ್ತಿದ್ದಳು. ಹಿಂದೆ ಕುಕ್ಕರ್ ಕೂಗಿತು. ನಡುವೆ ನನ್ನ ಮೇಷ್ಟ್ರ ದನಿ: ‘ಅವ್ವಾ, ಅಸಿರು ಅಲ್ಲ, ಹಸಿರು. ಹ ಅನ್ನು, ಹ.’ ಹಾಡು ನಿಂತಿತು. ‘ನಾ ಅಸಿರು ಅಂದ್ರ ಬಳೆ ಬಣ್ಣ ಬಿಡ್ತಾವೇನೋ? ಸುಮ್ಕೆ ಕುಂತ್ಕ, ಬಂದ್ಬಿಟ್ಟ ದೊಡ್ಡ ಮೇಷ್ಟ್ರು!’

ಅಕ್ಕ ಬಿದ್ದು ಬಿದ್ದು ನಕ್ಕಳು. ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ನಗು ಬರಲಿಲ್ಲ. ಹಾಡುವ ಅವ್ವನನ್ನು ಇಷ್ಟು ದಿನ ಬೇಕಾದಾಗ ಕೇಳಿದ್ದೆ. ಬೈಯುವ ಅವ್ವನನ್ನು ಕೇಳಿ ಎರಡು ವರ್ಷವಾಗಿತ್ತು, ಅವಳು ಈಗಲೇ ಎದುರಿಗೆ ಬೇಕೆನಿಸಿತು.

‘ಇಂಥವೇ ಹನ್ನೊಂದು ಅದಾವು ಸರ. ನಡುವಿನ ಮಾತೆಲ್ಲ ವೇಸ್ಟ್ ಅಲ್ವಾ, ತೆಗೀಲಾ?’ ಎಂದ ನಯಾಜ್.

ಅಕ್ಕ ಅವನ ಕೈಯಿಂದ ಮೌಸ್ ಕಿತ್ತುಕೊಂಡಳು. ‘ಮುಟ್ಟಿದ್ರೆ ನೋಡು ಮತ್ತೆ!’

ಅರಿಶಿಣದ ದಿನ ಆ ಹನ್ನೊಂದನ್ನೂ ಕುಕ್ಕರ್ ಸಮೇತ ಹಾಕಿದರು. ಬಳೆಯ ಪದವನ್ನು ಹೆಂಗಸರು ಮತ್ತೆ ಮತ್ತೆ ಹಾಕಿಸಿದರು. ಹಾಡಿಗಲ್ಲ, ನನಗೆ ಬಿದ್ದ ಬೈಗುಳಕ್ಕೆ. ಸುಮಾ ಅಂತೂ ಅದನ್ನು ಅಕ್ಕನ ಮೊಬೈಲಿನಲ್ಲಿ ನನ್ನ ಹೆಸರಿಗೆ ರಿಂಗ್‌ಟೋನ್ ಮಾಡಿಟ್ಟು ಗಂಡನ ಮನೆಗೆ ಹೋದಳು. ಈಗ ನಾನು ಹರಿಹರದಿಂದ ಫೋನ್ ಮಾಡಿದಾಗಲೆಲ್ಲ ವಿನೋಬನಗರದಲ್ಲಿ ಅವ್ವ ನನ್ನನ್ನು ಬೈಯುತ್ತಾಳೆ. ವಿಷಯ ಇರಲಿ, ಇಲ್ಲದಿರಲಿ, ದಿನಕ್ಕೆ ಎರಡು ಸಲ ಮಾಡುತ್ತೇನೆ. ಬೇಗ ಎತ್ತಬೇಡ ಎಂದು ಅಕ್ಕನಿಗೆ ಹೇಳಿಟ್ಟಿದ್ದೇನೆ.