ಹೊಗೆಯಿಲ್ಲದ ಒಲೆ, ಉಬ್ಬದ ರೊಟ್ಟಿ

ಮಡಿವಾಳೆಪ್ಪನವರಿಗೆ ಈ ಲೋಕದ ಮೇಲೆ ಬೇಕಾದಷ್ಟು ದೂರುಗಳಿದ್ದವು. ಅವುಗಳಲ್ಲಿ ಪಟ್ಟದ ದೂರು ಯಾವುದೆಂದರೆ, ತಮ್ಮ ಮನೆಯ ಒಲೆ ಮನೆಯವರಿಗಿಂತ ಹೆಚ್ಚು ತಿನ್ನುತ್ತದೆ ಎಂಬುದು. ಎತ್ತಿಗೆ ಮೇವು ಹಾಕಿದರೆ ದುಡಿಯುತ್ತದೆ, ಆಳಿಗೆ ರೊಟ್ಟಿ ಹಾಕಿದರೆ ಕಳೆ ಕೀಳುತ್ತಾನೆ, ಈ ಒಲೆ ಮಾತ್ರ ವರ್ಷಕ್ಕೊಂದು ಬಣವೆ ಹತ್ತಿಕಟ್ಟಿಗೆ ನುಂಗಿ ತಿರುಗಿ ಹೊಗೆ ಕೊಡುತ್ತದೆ. (ರೊಟ್ಟಿಯನ್ನೂ ಕೊಡುತ್ತಿತ್ತು. ಅದು ಅವರ ಗಮನಕ್ಕೆ ಬಂದಿರಲಿಲ್ಲ.) ಶಲವಡಿಯ ಕರಿನೆಲದಲ್ಲಿ ಹತ್ತಿ, ಜೋಳ, ಕಡಲೆ ಏನು ಬೇಕಾದರೂ ಬೆಳೆದೀತು, ಕಡಿದು ಉರುವಲು ಮಾಡುವಂಥ ಗಿಡಮರ ಮಾತ್ರ ಇಲ್ಲ. ಸುಗ್ಗಿ ಮುಗಿದ ಮೇಲೆ ಕಿತ್ತು ತಂದು ಒಟ್ಟಿದ ಹತ್ತಿಕಟ್ಟಿಗೆಯೇ ಮಳೆಗಾಲ ದಾಟುವವರೆಗೂ ಗತಿ. ನಡುವೆ ತೀರಿತೆಂದರೆ ದುಡ್ಡು ಕೊಟ್ಟರೂ ಸಿಕ್ಕದು, ಆಷಾಢದ ಜಿಟಿಜಿಟಿ ಮಳೆಯಲ್ಲಿ ಮನೆಮಂದಿಯೆಲ್ಲ ನೆನೆಸಿದ ಅವಲಕ್ಕಿ ತಿಂದುಕೊಂಡು ಕೂಡಬೇಕು.

ಹೀಗಿರುವಾಗ ಎಂಬತ್ತೈದನೆಯ ಇಸವಿಯ ಬೇಸಿಗೆಯಲ್ಲಿ ಮಡಿವಾಳೆಪ್ಪನವರು ನವಲಗುಂದದಲ್ಲಿ ಒಂದು ಪ್ರದರ್ಶನ ನೋಡಲು ಹೋಗಿ, ಬರುವಾಗ ಕಂಕುಳಲ್ಲಿ ಒಂದು ಕಾಗದದ ಸುರುಳಿ ಇಟ್ಟುಕೊಂಡು ಬಂದರು. ಪಡಸಾಲೆಯಲ್ಲಿ ಅದನ್ನು ಬಿಚ್ಚಿ, ನಾಲ್ಕು ಮೂಲೆಗೆ ಕಾಳು ಅಳೆಯುವ ಸೇರು ಪಾವುಗಳನ್ನು ಇಟ್ಟು, ಹೆಂಡತಿಯನ್ನು ಕರೆದರು.

"ಇದು ಹೊಗಿ ಇಲ್ಲದ ಒಲಿ. ಒಂದ ಉರಿ, ಎರಡು ಗಡಗಿ. ಹೊಗಿ ಕೊಳವ್ಯಾಗ ಹಾದು ಮಾಳಗಿ ಮ್ಯಾಲೆ ಹೋಗ್ತೈತಿ. ಕಟಗಿ ಅರ್ಧಕ್ಕರ್ಧ ಉಳೀತೈತಿ."

ಕಸ್ತೂರೆವ್ವ ಚಿತ್ರವನ್ನು ಬಗ್ಗಿ ನೋಡಿದಳು. ಇಪ್ಪತ್ತು ವರ್ಷ ಹೊಗೆಯಲ್ಲಿ ಕಣ್ಣು ಒರೆಸಿಕೊಂಡವಳು, ಹೊಗೆ ಇಲ್ಲ ಎಂದರೆ ಬೇಡ ಅನ್ನುತ್ತಾಳೆಯೇ. "ಆಗ್ಲೇಳ್ರಿ," ಎಂದಳು.

ಗೌಂಡಿ ಗಂಗಪ್ಪ ಎರಡು ದಿನ ಕೂತು, ಹಳೆಯ ಒಲೆ ಒಡೆದು, ಅದೇ ಜಾಗದಲ್ಲಿ ಹೊಸದನ್ನು ಚಿತ್ರದಲ್ಲಿದ್ದ ಹಾಗೆಯೇ ಕಟ್ಟಿದ. ಮೂರನೆಯ ದಿನ ಕಸ್ತೂರೆವ್ವ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು, ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು.

"ಎಲ್ಲಾ ಖರೆ. ರೊಟ್ಟಿ ಎಲ್ಲಿ ಆನಸ್ಲಿ?"

ಜೋಳದ ರೊಟ್ಟಿ ಹಂಚಿನ ಮೇಲೆ ಬೇಯುವುದು ಅರ್ಧ ಮಾತ್ರ. ಆಮೇಲೆ ಅದನ್ನು ಇಳಿಸಿ ಒಲೆಯ ಬಾಯಿಗೆ ಆನಿಸಿ ನಿಲ್ಲಿಸಬೇಕು, ಕೆಂಡದ ಝಳ ತಾಗಬೇಕು, ಆಗಲೇ ಅದು ಉಬ್ಬುವುದು. ಹೊಸ ಒಲೆಗೂ ಬಾಯಿ ಇತ್ತು, ಆದರೆ ಮೂರು ಕಟ್ಟಿಗೆ ಹಿಡಿಯುವಷ್ಟು. ಅದಕ್ಕೂ ಒಂದು ತಗಡಿನ ಬಾಗಿಲು. ಗಂಗಪ್ಪ ಸುರುಳಿ ಬಿಚ್ಚಿ ಮೇಲಿಂದ ಕೆಳಗಿನತನಕ ಹುಡುಕಿದ.

"ಚಿತ್ರದಾಗ ರೊಟ್ಟಿ ಇಲ್ರಿ ಯಜಮಾನ್ರ. ಅನ್ನದ ಗಡಗಿ ಅಷ್ಟ ಐತಿ."

"ಹಂಚಿನ ಮ್ಯಾಲೇನ ತಿರುವಿ ತಿರುವಿ ಬೇಯಸು," ಎಂದು ಮಡಿವಾಳೆಪ್ಪನವರು ತೀರ್ಪು ಕೊಟ್ಟರು. "ವಿಜ್ಞಾನಕ್ಕ ಆನಸೂದು ಗೀನಸೂದು ಬೇಕಾಗಿಲ್ಲ."

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ. ಹೊಸ ಒಲೆಯಲ್ಲಿ ಒಂದು ರೊಟ್ಟಿಯೂ ಬೆಂದಿರಲಿಲ್ಲ, ಅಷ್ಟರಲ್ಲಿ ಮಡಿವಾಳೆಪ್ಪನವರು ಹಿತ್ತಲ ಗೋಡೆಯಾಚೆಯ ಮಲಕಪ್ಪನನ್ನು ಕರೆದು, ಉಳಿಯಲಿರುವ ಅರ್ಧ ಬಣವೆಯನ್ನು ಅವನಿಗೆ ಮಾರಿಬಿಟ್ಟರು. ಮಲಕಪ್ಪನದು ಹತ್ತು ಮಂದಿಯ ಮನೆ, ಕಟ್ಟಿಗೆ ಎಷ್ಟಿದ್ದರೂ ಸಾಲದು, ಎರಡು ಮಾತಾಡದೆ ಒಯ್ದ. ಬಂದ ಹಣದಲ್ಲಿ ಮಡಿವಾಳೆಪ್ಪನವರು ಅಣ್ಣಿಗೇರಿಯಿಂದ ಒಂದು ಆರಾಮ ಕುರ್ಚಿ ತಂದರು. ಅದನ್ನು ಹಿತ್ತಲಲ್ಲಿ ಉಳಿದರ್ಧ ಬಣವೆಗೆ ಎದುರಾಗಿ ಹಾಕಿಕೊಂಡು, ಕಾಲು ಚಾಚಿ, ಉಳಿತಾಯ ಮಾಡತೊಡಗಿದರು. ಹೆಂಡತಿಯನ್ನು ಕೇಳಿದರೇ ಎಂದರೆ, ಹೇಳಿದರು. ಕಟ್ಟಿಗೆ ಗೋಡೆ ದಾಟಿದ ಮೇಲೆ.

ಮೊದಲ ರೊಟ್ಟಿ ತಾಟಿಗೆ ಬಂತು. ಎರಡೂ ಕೈಯಲ್ಲಿ ಹಿಡಿದು ಎಳೆದರೆ ರೊಟ್ಟಿ ಹರಿಯಲಿಲ್ಲ, ಮಡಿವಾಳೆಪ್ಪನವರೇ ನಾಲ್ಕು ಬೆರಳು ಮುಂದೆ ಸರಿದರು. ಕಸ್ತೂರೆವ್ವ ಎದುರಿಗೆ ಕೂತು ನೋಡುತ್ತಿದ್ದಳು.

"ಹೆಂಗೈತ್ರಿ?"

"ಅಗದಿ ಛಲೋ ಐತಿ."

"ಖರೇನ?"

"ಇಂಥಾ ರೊಟ್ಟಿ ನಮ್ಮವ್ವನೂ ಮಾಡಿರಲಿಲ್ಲ." (ಇದೊಂದು ಮಾತು ನಿಜ.)

"ಹಂಗಾರ ಆತು. ನಿಮಗ ದಿನಾ ಎರಡು ಇಂಥಾವ ಮಾಡಿ ಹಾಕ್ತೀನಿ," ಎಂದು ಕಸ್ತೂರೆವ್ವ ಎದ್ದಳು. ನಮ್ಮವರು ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ. ಕಣ್ಣಲ್ಲಿ ನೀರು ತುಂಬಿಕೊಂಡು ಆ ಎರಡನ್ನೂ ಮುಗಿಸಿದರು.

ಅವರನ್ನು ಕಾಡಿದ ಸಂಗತಿ ಬೇರೆ. ಹೊಲಕ್ಕೆ ನಾಲ್ಕು ಆಳುಗಳ ಬುತ್ತಿ ದಿನಾ ಅದೇ ಮನೆಯಿಂದ ಹೋಗುತ್ತಿತ್ತು. ಆಳುಗಳು ಗೊಣಗುವುದಿರಲಿ, ಉಂಡೆದ್ದು ಬೆರಳು ನೆಕ್ಕುತ್ತಿದ್ದರು. "ರೊಟ್ಟಿ ಹೆಂಗದಾವೋ?" ಎಂದು ಹೆದರುತ್ತಲೇ ಕೇಳಿದರೆ, "ಮೆತ್ತಗ ಹತ್ತಿ ಅರಳಿ ಆಗ್ಯಾವ್ರಿ ಧಣ್ಯಾರ," ಅಂದರು. ಮಡಿವಾಳೆಪ್ಪನವರಿಗೆ ತಮ್ಮ ಹಲ್ಲಿನ ಮೇಲೆಯೇ ಸಂಶಯ ಬಂತು. ನಲವತ್ತೆಂಟಕ್ಕೇ ಮುಪ್ಪು ಅಡರಿತೇ ಎಂದು ಕನ್ನಡಿ ಹಿಡಿದು, ಬಾಯಿ ತೆರೆದು, ಒಂದೊಂದೇ ಹಲ್ಲು ಅಲ್ಲಾಡಿಸಿ ನೋಡಿಕೊಂಡರು. ಎಲ್ಲವೂ ಗಟ್ಟಿಯಾಗಿದ್ದವು, ಪಾಪ.

ಒಂದು ಸಂಜೆ ಎತ್ತಿನ ಮಾತು ತೆಗೆಯುವ ನೆಪದಲ್ಲಿ ಮಲಕಪ್ಪನ ಮನೆಗೆ ಹೋದರು. ಮಲಕಪ್ಪ ಇನ್ನೂ ಹೊಲದಿಂದ ಬಂದಿರಲಿಲ್ಲ. ಅವನ ಹೆಂಡತಿ ಸಾವಂತ್ರೆವ್ವ, ಬಂದವರನ್ನು ಬರಿಗೈಲಿ ಕಳಿಸಬಾರದೆಂದು, ಎರಡು ರೊಟ್ಟಿ, ಬದನೆಕಾಯಿ ಎಣಗಾಯಿ, ಒಂದು ಹಸಿ ಉಳ್ಳಾಗಡ್ಡಿ ತಂದಿಟ್ಟಳು. ಬೆಳಗಿನ ರೊಟ್ಟಿ, ಆದರೂ ಮುಟ್ಟಿದರೆ ಪದರು ಬಿಚ್ಚಿಕೊಳ್ಳುತ್ತಿತ್ತು. ಮಡಿವಾಳೆಪ್ಪನವರು ಮತ್ತೆ ಕೇಳಿ ಹಾಕಿಸಿಕೊಂಡು ನಾಲ್ಕು ತಿಂದರು. ಐದನೆಯದನ್ನು ಒತ್ತಾಯಕ್ಕೆ ತಿಂದರು, ಒತ್ತಾಯ ಯಾರೂ ಮಾಡಿರಲಿಲ್ಲ.

"ಸಾವಂತ್ರೆವ್ವ, ನಿನ್ನ ಕೈಗುಣಾನ ಬ್ಯಾರೆ ಐತೆವ್ವ. ನಮ್ಮಾಕಿಗೆ ಒಂಚೂರು ಕಲಸು."

ಸಾವಂತ್ರೆವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಹೊಗಳಿಕೆಗೆ ನಾಚಿದಳು ಎಂದು ನಮ್ಮ ಯಜಮಾನರು ತಿಳಿದರು. ಅಂದಿನಿಂದ ಎತ್ತಿನ ಮಾತು ದಿನಾ ಸಂಜೆ ನಡೆಯತೊಡಗಿತು. ಮಲಕಪ್ಪನ ಎತ್ತಿಗೆ ತನ್ನ ಮೇಲೆ ಇಷ್ಟು ಚರ್ಚೆ ನಡೆದದ್ದು ಗೊತ್ತಾಗಿದ್ದರೆ ಉಬ್ಬಿ ಹೋಗುತ್ತಿತ್ತು.

ಇತ್ತ ಬಣವೆ ಕರಗಲೇ ಇಲ್ಲ. ತಿಂಗಳು ಕಳೆದರೂ ಒಂದು ಮೂಲೆ ಮಾತ್ರ ತಗ್ಗಿತ್ತು. ಅರ್ಧವಲ್ಲ, ಮುಕ್ಕಾಲು ಪಾಲು ಉಳಿತಾಯ. ಮಡಿವಾಳೆಪ್ಪನವರು ಹನುಮಪ್ಪನ ಗುಡಿಯ ಕಟ್ಟೆಯಲ್ಲಿ ಕೂತು, ದೇಶದ ಉರುವಲಿನ ಸಮಸ್ಯೆಯನ್ನು ಬಾಯಲ್ಲೇ ಬಗೆಹರಿಸಿದರು.

ಕಾರಹುಣ್ಣಿಮೆ ನಾಲ್ಕು ದಿನವಿದೆ ಅನ್ನುವಾಗ, ದಿನಾ ನಸುಕಿಗೇ ಹೊಲ ಸೇರುತ್ತಿದ್ದ ಮಲಕಪ್ಪ ಅಂದು ಹೊಲದ ದಾರಿ ಬಿಟ್ಟು ಬೆಳಗಾಗುವುದರೊಳಗೆ ಗೋಡೆ ಹಾರಿ ಬಂದ. ಮುಖ ದುಮುದುಮು ಅನ್ನುತ್ತಿತ್ತು.

"ಮಡಿವಾಳಣ್ಣ, ನೀ ಕೊಟ್ಟ ಕಟಗಿ ಪೂರಾ ತೀರೇತಿ. ನನ್ನ ಬಣವ್ಯಾಗೂ ಅರ್ಧ ಹೋಗೇತಿ. ಪ್ರತಿ ವರ್ಷ ಹಿಂಗ ಆಗೂದಿಲ್ಲ. ಏನ್ ಒಣಾ ಟೊಳ್ಳು ಕಟಗಿ ಕೊಟ್ಟೀಯೋ ಏನೋ."

"ಕಟಗಿ ಟೊಳ್ಳಲ್ಲೋ, ನಿನ್ನ ಒಲಿ ರಾಕ್ಷಸ ಐತಿ. ನಾನೂ ಅಂಥಾ ಒಲಿಯಿಂದ್ಲೇ ಪಾರಾಗಿ ಬಂದಾಂವ. ನಡಿ, ರೊಟ್ಟಿ ಮಾಡೂ ಹೊತ್ತು, ಎಷ್ಟು ತಿಂತೈತಿ ಅಂತ ಕಣ್ಣಾರೆ ತೋರಸ್ತೀನಿ."

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದು ಇಬ್ಬರೂ ಹೊರಟರು. ಮಲಕಪ್ಪನ ಅಡಿಗೆಮನೆಯಲ್ಲಿ ಧಪಧಪ ರೊಟ್ಟಿ ಬಡಿಯುವ ಸದ್ದು. ಬಾಗಿಲಲ್ಲಿ ನಿಂತು ಮಡಿವಾಳೆಪ್ಪನವರು ಗಂಟಲು ಸರಿಮಾಡಿಕೊಂಡು, "ನೋಡಿಲ್ಲಿ, ಇಷ್ಟು ದೊಡ್ಡ ಬಾಯಿ ಇದ್ರ" ಎಂದು ಶುರು ಮಾಡಿದರು. ಒಲೆಯ ಮುಂದೆ, ಕೆಂಡಕ್ಕೆ ರೊಟ್ಟಿ ಆನಿಸಿ, ಬೆವರು ಒರೆಸಿಕೊಳ್ಳುತ್ತ ಕೂತವಳು ಅವರದೇ ಕಸ್ತೂರೆವ್ವ. ಹಿಟ್ಟು ನಾದುತ್ತಿದ್ದ ಸಾವಂತ್ರೆವ್ವ ತಲೆ ತಗ್ಗಿಸಿದಳು. ಬದಿಯಲ್ಲಿ ಎರಡು ಬುಟ್ಟಿ, ಎರಡರಲ್ಲೂ ರೊಟ್ಟಿ, ಒಂದು ಬುಟ್ಟಿ ಮಡಿವಾಳೆಪ್ಪನವರ ಮನೆಯದು.

"ನೀ ಇಲ್ಲೇನ ಮಾಡಾಕ ಹತ್ತೀ?"

"ನಿಮ್ಮ ಆಳುಗಳ ಬುತ್ತಿ ಮಾಡಾಕ ಹತ್ತೀನಿ. ಅವ್ರಿಗೆ ಚರ್ಮ ಹಾಕಿದ್ರ ಕೆಲಸಕ್ಕ ಬರ್ತಾರೇನ್ರಿ?"

"ದಿನಾ?"

"ದಿನಾ. ನೀವು ಏಳೂದರೊಳಗ ಮುಗಿಸಿ ಬರ್ತೀನಿ. ನೀವು ಸಂಜಿಗೆ ದಿನಾ ಇಲ್ಲಿ ಬಂದು ತಿಂದ ರೊಟ್ಟಿ ಯಾರ ಕೈಯವು ಅಂತ ಮಾಡೀರಿ?"

ಮಡಿವಾಳೆಪ್ಪನವರು ಸಾವಂತ್ರೆವ್ವನ ಕಡೆ ನೋಡಿದರು. ಆಕೆ ಮತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಈ ಸಲ ಅದು ನಾಚಿಕೆಯಲ್ಲ ಎಂಬುದು ಅವರಿಗೂ ಅರ್ಥವಾಯಿತು.

ಮಲಕಪ್ಪ ಮಾತ್ರ ನಗಲಿಲ್ಲ. "ಅಂದ್ರ ನನಗ ಮಾರಿದ ಕಟಗಿ ನಿನ್ನ ಮನಿ ರೊಟ್ಟಿಗೇ ಉರದೈತಿ. ಮ್ಯಾಲೆ ನನ್ನದೂ ಉರದೈತಿ. ಹೊಳ್ಳಿ ಒಂದೂವರೆ ಚಕ್ಕಡಿ ಕಟಗಿ ಹಾಕು."

ಒಂದೂವರೆ ಚಕ್ಕಡಿ ಕೊಟ್ಟರೆ ತಮಗೆ ಉಳಿಯುವುದು ಒಂದು ತಿಂಗಳಿನ ಉರುವಲು. ಮುಂದೆ ಮೂರು ತಿಂಗಳ ಮಳೆ. ಮಡಿವಾಳೆಪ್ಪನವರು ಎರಡು ಸಲ ಬೆರಳು ಮಡಿಸಿ ಎಣಿಸಿದರು, ಲೆಕ್ಕ ಬದಲಾಗಲಿಲ್ಲ. ಊರ ಕಟ್ಟೆಯಲ್ಲಿ ಆಡಿದ್ದ ಮಾತೆಲ್ಲ ಒಂದೊಂದಾಗಿ ನೆನಪಾಯಿತು. "ಕುರ್ಚಿ ಒಯ್ಯೋ," ಎಂದರು ಸಣ್ಣ ದನಿಯಲ್ಲಿ. ಕುರ್ಚಿಯನ್ನು ಅರ್ಧ ಚಕ್ಕಡಿಗೆ ಹಿಡಿದು ಮಲಕಪ್ಪ ಒಪ್ಪಿದ. ಇನ್ನೊಂದು ಚಕ್ಕಡಿ ಹಾಗೇ ಉಳಿಯಿತು.

ಕಸ್ತೂರೆವ್ವ ಕೈ ಝಾಡಿಸಿ ಎದ್ದಳು. "ಒಂದ್ ಚಕ್ಕಡಿ ಒಯ್ರಿ ಮಲಕಪ್ಪಣ್ಣಾರ. ನಮ್ಮದೇನೂ ನಿಲ್ಲೂದಿಲ್ಲ." ಗಂಡನನ್ನು ಕರೆದುಕೊಂಡು ತಮ್ಮ ದನದ ಕೊಟ್ಟಿಗೆಯ ಹಿಂಬದಿಗೆ ನಡೆದಳು. ಅಲ್ಲಿ ಆಳೆತ್ತರದ ಕುಳ್ಳಿನ, ಅಂದರೆ ಬೆರಣಿಯ ಬಣವೆ, ಮಳೆ ತಾಗದಂತೆ ಮೇಲೆಲ್ಲ ಸಗಣಿ ಮೆತ್ತಿ ಒಣಗಿ ಬೆಳ್ಳಗಾಗಿತ್ತು. ಮಳೆಗಾಲ ಕಳೆದು ದೀಪಾವಳಿಗೂ ಮಿಗುವಷ್ಟು. ಕುರ್ಚಿಯಲ್ಲಿ ಕೂತವರಿಗೆ ಅದು ಕಾಣುವ ದಿಕ್ಕಿನಲ್ಲಿರಲಿಲ್ಲ.

"ಯಾವಾಗ ಬಡದಿ ಇವನ್ನ?"

"ನೀವು ಬಣವಿ ಮಾರಿದ ಮರುದಿನದಿಂದ. ಒಲಿ ಮ್ಯಾಲೆ ನಿಮಗಿದ್ದಷ್ಟು ನಂಬಿಗಿ ನನಗಿರಲಿಲ್ಲ."

ಮಡಿವಾಳೆಪ್ಪನವರು ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಉಸಿರು ಬಿಟ್ಟರು. ಎಷ್ಟು ಹೊತ್ತಿನಿಂದ ಹಿಡಿದಿದ್ದರೋ. ಎದೆ ಹಗುರಾಯಿತು, ಹಗುರಾದ ಎದೆಯಲ್ಲಿ ಸಿಟ್ಟಿಗೂ ಅಭಿಮಾನಕ್ಕೂ ಜಾಗ ಉಳಿದಿರಲಿಲ್ಲ.

"ಹೊಸಾ ಒಲಿ ಒಡದು ಬಿಡ್ಲಿ?" ಎಂದು ಕೇಳಿದರು.

"ಯಾಕ ಒಡೀತೀರಿ? ಬ್ಯಾಳಿಗೆ, ಅನ್ನಕ್ಕ, ನೀರು ಕಾಸಾಕ ಅಗದಿ ಛಲೋ ಒಲಿ. ಹೊಗಿ ಇಲ್ಲ, ಕಟಗಿನೂ ಕಡಿಮಿ. ಬಾಜೂಕ ರೊಟ್ಟಿಗೊಂದು ಹಳೀದು ಹಾಕಸ್ರಿ, ಆತು."

ಮಾತು ಇಷ್ಟು ಸುಲಭವಾಗಿತ್ತು. ಮನೆಗೆ ಬಂದು ಕೈಕಾಲು ತೊಳೆದು ತಾಟಿನ ಮುಂದೆ ಕೂತರು. ಕುರ್ಚಿ ಹೊತ್ತೊಯ್ಯಲು ಬಂದಿದ್ದ ಮಲಕಪ್ಪ ಬಾಗಿಲಲ್ಲಿ ನಿಂತಿದ್ದ. ಕಸ್ತೂರೆವ್ವ ಬಿಸಿ ರೊಟ್ಟಿಯ ಬುಟ್ಟಿಯನ್ನು ತನ್ನ ಪಕ್ಕಕ್ಕೆ ಇಟ್ಟುಕೊಂಡು, ಗಂಡನ ತಾಟಿಗೆ ಹೊಸ ಒಲೆಯ ಎರಡು ರೊಟ್ಟಿ ಹಾಕಿದಳು. ತಾಟು ಠಣ್ ಎಂದಿತು.

"ನಿಮ್ಮ ಪಾಲಿನವು. ನಿಮಗ ಇವ ಸೇರ್ತಾವಲ್ಲ."

ಮಡಿವಾಳೆಪ್ಪನವರು ತಾಟನ್ನು ನೋಡಿದರು, ಬುಟ್ಟಿಯನ್ನು ನೋಡಿದರು, ಬಾಗಿಲಲ್ಲಿದ್ದ ಮಲಕಪ್ಪನನ್ನೂ ನೋಡಿದರು. ಆಮೇಲೆ ಇಡೀ ಓಣಿಗೆ ಕೇಳುವಂತೆ ಹೇಳಿದರು.

"ಇವು ನನಗ ಸೇರಂಗಿಲ್ಲ. ಒಂದ್ ದಿನಾನೂ ಸೇರಿಲ್ಲ. ಆ ಬುಟ್ಟಿ ಈ ಕಡೆ ತಾ."

ಕಸ್ತೂರೆವ್ವ ಬುಟ್ಟಿ ಸರಿಸಿದಳು. ಮಲಕಪ್ಪ ಕುರ್ಚಿಯನ್ನು ತಲೆಯ ಮೇಲೆ ಏರಿಸಿಕೊಳ್ಳುತ್ತ, "ಇದೊಂದ್ ಮಾತು ಮೊದಲನೇ ದಿನ ಅಂದಿದ್ರ ನನ್ನ ಬಣವಿ ಉಳೀತಿತ್ತಲ್ಲೋ ಮಾರಾಯಾ," ಎಂದ.