ಮೂರನೇ ತಿರುವಿನಲ್ಲಿ ನಿಂತ ಲಾರಿ

ಇಂದ,
ನಿವೃತ್ತ ಲಾರಿ ಚಾಲಕ,
ಹಾಲಿ ಲ್ಯಾಪ್‌ಟಾಪ್ ಚಾಲಕ.

ಗೆ,
ಲ್ಯಾಪ್‌ಟಾಪಿನೊಳಗೆ ಎಲ್ಲವನ್ನೂ ಬೆಸುಗೆ ಹಾಕಿ ಮುಚ್ಚಿದ ಮಹನೀಯರು,
ಅವರು ಎಲ್ಲಿದ್ದರೆ ಅಲ್ಲಿಗೆ.

ವಿಷಯ: ಗ್ರಾಫಿಕ್ಸ್ ಬದಲಾಯಿಸಿ ಲಾರಿಯನ್ನು ಬೆಟ್ಟ ಹತ್ತಿಸಿಕೊಡುವ ಬಗ್ಗೆ.

ಉಲ್ಲೇಖ: "ಈ ಜನ್ಮದಲ್ಲಿ ಬೆಟ್ಟದ ತುದಿ ತೋರಿಸ್ತೀರೋ, ಇಲ್ವೋ?" ಎಂಬ ನನ್ನ ಹೆಂಡತಿಯ ಮೌಖಿಕ ನೋಟಿಸು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ಸೇವೆಯಲ್ಲಿದ್ದಷ್ಟು ಕಾಲವೂ "ಒಂದ್ಸಲ ನಿನ್ನನ್ನ ಬೆಟ್ಟದ ರಸ್ತೆಗೆ ಕರ್ಕೊಂಡು ಹೋಗ್ತೀನಿ" ಎಂದು ಹೆಂಡತಿಗೆ ಹೇಳುತ್ತಲೇ ಬಂದೆ. ಲಾರಿಯಲ್ಲಿ ಸದಾ ಲೋಡು, ಮನೆಯಲ್ಲಿ ಸದಾ ಕೆಲಸ. ಅಷ್ಟರಲ್ಲಿ ನನ್ನ ಎರಡೂ ಮಂಡಿಗಳು ಕೈಕೊಟ್ಟವು.

೨. ಆದ ಕಾರಣ ಮಗಳು ತನ್ನ ಹಳೆಯ ಲ್ಯಾಪ್‌ಟಾಪಿಗೆ ಲಾರಿ ಓಡಿಸುವ ಆಟ ಹಾಕಿಕೊಟ್ಟಳು. ಅದರಲ್ಲಿ ಬೆಟ್ಟವಿದೆ, ತುದಿಯಲ್ಲಿ ಸರೋವರವೂ ಇದೆಯಂತೆ. ಹೆಂಡತಿ ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಉಟ್ಟು, ಪಕ್ಕದ ಕುರ್ಚಿಯಲ್ಲಿ ಕ್ಲೀನರ್ ಆಗಿ ಕೂತು "ಬರ್ಲಿ, ಬರ್ಲಿ, ರೈಟ್!" ಎಂದಳು. ಆದರೆ ಮೂರನೇ ತಿರುವಿಗೆ ಬಂದೊಡನೆ ಲಾರಿ, ಬೆಟ್ಟ, ಮೋಡ ಎಲ್ಲವೂ ನಿಂತಲ್ಲೇ ನಿಲ್ಲುತ್ತವೆ. ಲ್ಯಾಪ್‌ಟಾಪಿನ ಫ್ಯಾನು ಮಾತ್ರ ಏದುಸಿರು ಬಿಡುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತಾವು ನಗಬಾರದು. ಮೊದಲೆರಡು ತಿರುವುಗಳನ್ನು ನಾನು ಒಂದೇ ಕೈಯಲ್ಲಿ ದಾಟಿಸಿದ್ದೇನೆ.

೩. ಏರು ಹತ್ತದ ಗಾಡಿಗೆ ಎಂಜಿನ್ ಬದಲಿಸಬೇಕೆಂಬುದು ನನ್ನ ಕಸುಬಿನ ಪಾಠ. ಆದ್ದರಿಂದ ಯಾರನ್ನೂ ಕೇಳದೆ ಅಂಗಡಿಯಲ್ಲಿದ್ದುದರಲ್ಲೇ ದೊಡ್ಡ ಗ್ರಾಫಿಕ್ಸ್ ಕಾರ್ಡ್, ಅಂದರೆ ಆಟದ ಚಿತ್ರ ಓಡಿಸುವ ಎಂಜಿನ್, ತಂದೆ. ಬಿಚ್ಚಿ ನೋಡಿದರೆ ಅದು ಲ್ಯಾಪ್‌ಟಾಪಿಗಿಂತ ದಪ್ಪ, ಮೂರು ಫ್ಯಾನು ಬೇರೆ. "ರೀ, ಇದ್ರೊಳಗೆ ಅದನ್ನ ಇಡ್ತೀರೋ, ಅದ್ರೊಳಗೆ ಇದನ್ನ ಇಡ್ತೀರೋ?" ಎಂದು ಹೆಂಡತಿ ಕೇಳಿದಳು.

೪. ಎರಡನ್ನೂ ಚೀಲಕ್ಕೆ ಹಾಕಿ ರಿಪೇರಿಯವರ ಬಳಿ ಒಯ್ದೆ. ಅವರು ತಳ ಬಿಚ್ಚಿ ತೋರಿಸಿದರು.
"ಯಜಮಾನ್ರೇ, ನೀವು ತಂದಿರೋದು ಡೆಸ್ಕ್‌ಟಾಪಿಗೆ ಹಾಕೋದು. ಇದ್ರಲ್ಲಿ ಗ್ರಾಫಿಕ್ಸ್ ಚಿಪ್ ಬೋರ್ಡಿಗೇ ಬೆಸುಗೆ. ಬದಲಾಯ್ಸಕ್ಕಾಗಲ್ಲ."
"ಬೋಲ್ಟ್ ಎಲ್ಲಿದೆ ತೋರ್ಸಿ, ನಾನೇ ಬಿಚ್ತೀನಿ."
"ಬೋಲ್ಟೇ ಇಲ್ವಲ್ಲ!"
ಬೋಲ್ಟಿಲ್ಲದೆ ಎಂಜಿನ್ ಕೂರಿಸಿದವರನ್ನು ನಾನು ಕಂಡಿಲ್ಲ. ನನಗೆ ತಮ್ಮ ಮೇಲೆ ಸಿಟ್ಟು ಬಂದದ್ದು ನಿಜ. ಮಾನ್ಯರೇ, ಗಂಡ ಹೆಂಡಿರನ್ನೂ ಯಾರೂ ಇಷ್ಟು ಗಟ್ಟಿಯಾಗಿ ಬೆಸೆಯುವುದಿಲ್ಲ.

೫. ನಿನ್ನೆ ಸಂಜೆ ಲಾರಿ ಪುನಃ ಅಲ್ಲೇ ನಿಂತಿತು. ಲ್ಯಾಪ್‌ಟಾಪ್ ಮುಚ್ಚಲು ಹೋದ ನನ್ನ ಕೈ ಹಿಡಿದು ತಡೆದ ಹೆಂಡತಿ, ಎರಡು ಲೋಟ ಚಹಾ ತಂದಳು. "ಇರ್ಲಿ ಬಿಡ್ರಿ. ಆಗೆಲ್ಲ ನೀವು ಮನೆ ಮುಂದೆ ಬಂದ್ರೂ ಎಂಜಿನ್ ಆಫ್ ಮಾಡ್ತಾ ಇರ್ಲಿಲ್ಲ. ಇವತ್ತು ಗಾಡಿ ನಿಂತಿದೆ, ನೀವೂ ಇದ್ದೀರಿ. ಬೆಟ್ಟ ಎಲ್ಲಿಗೂ ಓಡಲ್ಲ." ಬೆಟ್ಟ ಓಡಲೂ ಇಲ್ಲ. ಚಹಾ ಮುಗಿಯುವವರೆಗೆ ಇಬ್ಬರೂ ಅದನ್ನೇ ನೋಡುತ್ತ ಕೂತೆವು. ನನಗೆ ಬಹಳ ಸಂತೋಷವಾಯಿತೆಂಬುದನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಉಲ್ಲೇಖಿತ ನೋಟಿಸಿಗೆ ಸದ್ಯ ತಡೆ ಸಿಕ್ಕಿದೆ.

ಆದ್ದರಿಂದ, ಬೆಸುಗೆ ಬಿಚ್ಚುವ ಉಪಾಯವಿದ್ದರೆ ದಯಮಾಡಿ ತಿಳಿಸುವುದು. ಸಾಧ್ಯವಿಲ್ಲದ ಪಕ್ಷದಲ್ಲಿ, ಸದರಿ ಮೂರನೇ ತಿರುವಿನಲ್ಲಿ ಒಂದು ಚಹಾದಂಗಡಿಯನ್ನೂ ಇಬ್ಬರು ಕೂರುವಷ್ಟು ಬೆಂಚನ್ನೂ ಮಂಜೂರು ಮಾಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಹ್ಯಾಂಡ್‌ಬ್ರೇಕ್ ಎಳೆದು ಕೂತಿರುವ ಚಾಲಕ

ಅಡಕಗಳು:
೧. ಮೂರನೇ ತಿರುವಿನ ಚಿತ್ರ, ಕ್ಲೀನರ್ ಸಹಿಯೊಂದಿಗೆ.
೨. ಗ್ರಾಫಿಕ್ಸ್ ಕಾರ್ಡ್ (ಲಕೋಟೆಯಲ್ಲಿ ಹಿಡಿಸದ ಕಾರಣ ಲಗತ್ತಿಸಿಲ್ಲ, ಸದ್ಯ ಬಾಗಿಲು ಹೊಡೆದುಕೊಳ್ಳದಂತೆ ಒತ್ತಿಗೆ ಇಡಲಾಗಿದೆ).

ವಿ.ಸೂ.: ಅಂಗಡಿ ಮಂಜೂರಾದಲ್ಲಿ, ಕ್ಲೀನರಿಗೆ ಸಕ್ಕರೆ ಕಡಿಮೆ ಇರಲಿ.