ಬತ್ತೆ ಕಟ್ಟಿದ ಮುದ್ದಯ್ಯ

"ಅದೇನ್ ಕಿತ್ಕೊತೀಯೋ ಕಿತ್ಕೋ ಓಗು ಬಾವ" ಎಂದು ಬಾವಮೈದ ರೇವಣ್ಣ ಮದ್ದೂರು ಸಂತೆಯಲ್ಲಿ ನಾಲ್ಕು ಜನರೆದುರು ಅನ್ನದಿದ್ದರೆ ಮುದ್ದಯ್ಯ ಕೋರ್ಟಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಕುರಿ ಕೊಳ್ಳಲು ಸಾಲ ಕೊಟ್ಟ ಅರವತ್ತು ರೂಪಾಯಿ ಹಾಳಾಗಿ ಹೋಗಲಿ, ಆ ಮಾತು ಮಾತ್ರ ಅವನಿಗೆ ಗಂಟಲಲ್ಲಿ ಇಳಿಯಲಿಲ್ಲ. ಎರಡು ವರ್ಷ ಮಂಡ್ಯಕ್ಕೆ ಅಲೆದು ಡಿಕ್ರಿ ಮಾಡಿಸಿದ. ಜಪ್ತಿ ಮಾಡೋಣವೆಂದರೆ ಕುರಿಗಳು ರೋಗ ಬಂದು ಸತ್ತಿದ್ದವು. ಉಳುವ ಎತ್ತನ್ನು ಮುಟ್ಟಲು ಕಾನೂನು ಬಿಡಲಿಲ್ಲ. ಕೊನೆಗೆ ರೇವಣ್ಣನನ್ನೇ ಹಿಡಿದು ತರಲು ವಾರಂಟ್ ಆಯಿತು.

"ನನ್ ತಮ್ಮನ್ನ ಜೈಲ್ಗಾಕಿ ನೀನೇನ್ ಉದ್ಧಾರ ಆದೀಯೆ?" ಎಂದಳು ಹೆಂಡತಿ ಚಿಕ್ಕನಂಜಮ್ಮ.

"ದುಡ್ಡಿನ್ ಮಾತು ಬುಡು. ಇದು ಮಾನದ್ ಪ್ರಶ್ನೆ ಕಣೇ!" ಎಂದು ಮುದ್ದಯ್ಯ ರುಮಾಲು ಸುತ್ತಿದ.

ಕೋರ್ಟಿನ ಅಮೀನ ಕರಿಸಿದ್ದಯ್ಯನ ಜೊತೆ ಬಸ್ಸು ಹತ್ತಿ ಮಳವಳ್ಳಿಗೆ ಬಂದು, ಅಲ್ಲಿಂದ ರೇವಣ್ಣನ ಊರು ಬಂಡೂರಿಗೆ ಬಾಬು ಜಾನನ ಜಟಕಾ ಹಿಡಿದ. ವಿಷಯ ತಿಳಿದದ್ದೇ ಬಾಬು ಜಾನ್ ಹುರುಪುಗೊಂಡ.

"ಸದ್ದಿಲ್ದೆ ಓದ್ರೆ ಏನ್ ಚೆಂದ ಯಜಮಾನ್ರೇ? ಊರು ನೋಡ್ಬೇಕು!" ಎನ್ನುತ್ತ ಊರಬಾಗಿಲಿಂದ ರೇವಣ್ಣನ ಜಗಲಿಯವರೆಗೂ ಗಂಟೆ ಬಾರಿಸಿಕೊಂಡೇ ಹೋದ. ಮುದ್ದಯ್ಯ ಮದುವಣಿಗನಂತೆ ನೆಟ್ಟಗೆ ಕೂತಿದ್ದ.

ರೇವಣ್ಣ ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. "ಬಂದ್ಯಾ ಬಾವ? ಒಸಿ ತಡಿ" ಎಂದು ಒಗೆದ ಪಂಚೆಯೊಂದನ್ನು ಚೀಲಕ್ಕೆ ತುರುಕಿ ತಾನಾಗಿಯೇ ಜಟಕಾ ಹತ್ತಿದ. ಮುದ್ದಯ್ಯನಿಗೆ ಅಷ್ಟು ಮಟ್ಟಿಗೆ ನಿರಾಸೆಯಾಯಿತು.

ಮಂಡ್ಯದ ಕೋರ್ಟಿನಲ್ಲಿ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು.

"ಬತ್ತೆ ಕಟ್ಟಿದ್ದೀರೇನ್ರಿ?"

ಯುದ್ಧದ ಕಾಲ. ಸರ್ಕಾರ ರೈತರಿಂದ ಲೆವಿ ಎಂದು ಭತ್ತ ಅಳೆಸಿಕೊಳ್ಳುತ್ತಿತ್ತು. ಮುದ್ದಯ್ಯ ಕೈಮುಗಿದು, "ಬತ್ತ ಸಂಕ್ರಾಂತಿಗ್ ಮುಂಚೇನೇ ಅಳ್ದುಬುಟ್ಟಿವ್ನಿ ಸ್ವಾಮಿ. ಒಂದ್ ಕಾಳೂ ಬಚ್ಚಿಟ್ಟಿಲ್ಲ, ನಮ್ಮಪ್ಪನಾಣೆ!" ಎಂದ.

ಇಡೀ ಕೋರ್ಟು ಗೊಳ್ಳೆಂದಿತು.

"ಭತ್ತ ಅಲ್ರೀ, ಬತ್ತೆ! ಜೈಲಿನಲ್ಲಿ ಇವನ ಊಟದ ಖರ್ಚು. ಸಾಲ ಕೊಟ್ಟೋರೇ ಕಟ್ಟಬೇಕು, ಒಂದು ತಿಂಗಳದ್ದು ಮುಂಗಡ."

"ಅಲ್ಲಾ ಸ್ವಾಮಿ, ಕೊಡ್ಬೇಕಾದೋನು ಅವ್ನು! ಅವ್ನ್ ಮುದ್ದೆಗೆ ನಾನ್ಯಾಕ್ ಕಟ್ಲಿ?"

"ಕಟ್ಟದಿದ್ರೆ ಈಗಲೇ ಬಿಟ್ಟುಬಿಡ್ತೀವಿ."

ರೇವಣ್ಣ ಹಲ್ಲು ಕಿರಿದು, "ಕಟ್ಬ್ಯಾಡ ಬಾವ. ಇಬ್ರೂ ಜೊತೇಲೇ ಮನೆಗ್ ಓಗವಾ" ಎಂದ.

ಸುಮ್ಮನಿದ್ದಿದ್ದರೆ ಮುದ್ದಯ್ಯ ಹಿಂದೆ ಸರಿಯುತ್ತಿದ್ದನೋ ಏನೋ. ಆ ಹಲ್ಲು ಕಂಡು ಅವನ ಪಿತ್ತ ನೆತ್ತಿಗೇರಿತು. ಸೊಂಟದ ಚೀಲ ಬಿಚ್ಚಿ ಹತ್ತು ರೂಪಾಯಿ ಎಣಿಸಿ ಮೇಜಿನ ಮೇಲೆ ಬಡಿದ. "ತಕಳಿ ಸ್ವಾಮಿ! ಉಣ್ಲಿ ನನ್ಮಗ!"

ರೇವಣ್ಣನನ್ನು ಜವಾನ ಕರೆದೊಯ್ಯುವುದನ್ನು ಕಣ್ತುಂಬ ನೋಡಿ ಮುದ್ದಯ್ಯ ಸಂಜೆಯ ರೈಲು ಹತ್ತಿದ. ಗೆದ್ದಿದ್ದ! ಮದ್ದೂರಿನಲ್ಲಿಳಿದು ಮನೆ ಸೇರುವುದರೊಳಗೆ ಸ್ಟೇಷನ್ನಿನ ಹಮಾಲಿಯಿಂದ ಹಿಡಿದು ಎಲೆ ಅಡಿಕೆಯವನವರೆಗೆ ಎಲ್ಲರಿಗೂ ಸುದ್ದಿ ಹೇಳಿದ. ಮುನಿದ ಹೆಂಡತಿಗೆಂದು ಒಂದು ಮೊಳ ಮಲ್ಲಿಗೆಯನ್ನೂ ಕೊಂಡ. ಇಂಥ ಸುಖದ ದಿನ ಅವನ ಬದುಕಿನಲ್ಲಿ ಬಂದೇ ಇರಲಿಲ್ಲ.

ಮನೆ ಮುಂದೆ ಬಾಬು ಜಾನನ ಜಟಕಾ ನಿಂತಿತ್ತು. "ಬಾಡಿಗೆಗೆ ಕಾಯ್ತಾ ಇವ್ನಿ ಯಜಮಾನ್ರೇ. ಬಂಡೂರಿಂದ ಇಲ್ಲೀಗಂಟ, ಎಂಟು ಜನ" ಎಂದ ಅವನು.

ಒಳಗೆ ನಡುಮನೆಯಲ್ಲಿ ಸಾಲು ಪಂಕ್ತಿ. ರೇವಣ್ಣನ ಹೆಂಡತಿ ರೇವಮ್ಮ, ಅವಳ ಆರು ಮಕ್ಕಳು. ಅತ್ತೆ ಪುಟ್ಟಮಾದಮ್ಮ ಮುದ್ದೆ ಬಡಿಸುತ್ತಿದ್ದಳು. ಚಿಕ್ಕನಂಜಮ್ಮ ಗಂಡನ ಕಡೆ ತಿರುಗದೆ ಸಾರಿಗೆ ಸೌಟು ಹಾಕಿದಳು.

"ದುಡಿಯೋ ಗಂಡಸ್ನ ನೀವ್ ಕರ್ಕೊಂಡೋದ್ಮ್ಯಾಕೆ ನಾವೆಲ್ಲಿಗ್ ಓಗವಾ ಅಳಿಮಯ್ಯಾ? ಮಗಳ್ ಮನೇನೇ ಗತಿ" ಎಂದಳು ಅತ್ತೆ. "ಜೈಲಲ್ಲಿ ಅವ್ನ್ ಊಟಕ್ ನೀವೇ ಕಟ್ಬೇಕಂತೆ, ಬಾಬು ಜಾನ್ ಅಂದ. ಎಷ್ಟ್ ದಿವ್ಸಕ್ ಕಟ್ಟಿದ್ದೀರಿ?"

"ಒಂದ್... ಒಂದ್ ತಿಂಗ್ಳು" ಎಂದ ಮುದ್ದಯ್ಯ.

"ಅಂಗಾರೆ ನಾವೂ ಒಂದ್ ತಿಂಗ್ಳು ಇರ್ತೀವಿ ಬುಡಿ" ಎಂದು ಅತ್ತೆ ಪಂಕ್ತಿಯ ಕಡೆ ತಿರುಗಿದಳು. "ಲೇ ಮಕ್ಳಾ, ಒಸಿ ಸರ್ಕಳ್ರೋ, ನಿಮ್ ಮಾವಂಗೂ ಜಾಗ ಬುಡಿ!"